ಹಳಿಯ ಅಡಿಯ ಚಕ್ರ

ಪ್ರೌಢಶಾಲೆಯಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ದಿನಗಳಲ್ಲಿ ಹುಡುಗನೊಬ್ಬ ನನ್ನನ್ನು ಒಂದು ಪ್ರಶ್ನೆ ಕೇಳಿದ. ಆತ ಚಲಚ್ಚಿತ್ರವೊಂದರಲ್ಲಿ ರೋಲರ್ ಕೋಸ್ಟರನ್ನು ಕಂಡಿದ್ದ. ಮರದ ತೊಲೆಗಳ ಮೇಲೆ ಗುಡ್ಡಗಳಂತೆ ಏರಿಳಿಯುವ ಹಳಿ. ಅದರ ಮೇಲೆ ಜನರನ್ನು ಹೊತ್ತು ಧುಮುಕುವ ಬಂಡಿಗಳ ಸಾಲು. ಅಷ್ಟು ವೇಗದಿಂದ ದಿಬ್ಬವನ್ನು ಹಾಯುವ ಬಂಡಿ ಅದರ ನೆತ್ತಿಯಿಂದ ಏಕೆ ಹಾರಿಹೋಗುವುದಿಲ್ಲವೆಂಬುದು ಅವನ ಸಂದೇಹ. ಬಂಡಿಯ ಭಾರವೇ ಅದನ್ನು ಹಳಿಗೆ ಒತ್ತಿ ಹಿಡಿದಿರುತ್ತದೆಯೆಂದು ಹೇಳಿ ನಾನು ಪಾಠವನ್ನು ಮುಂದುವರಿಸಿದೆ. ಹುಡುಗನ ಮುಖದಲ್ಲಿ ಸಮಾಧಾನವಿರಲಿಲ್ಲ. ನನ್ನ ಉತ್ತರದ ಕೊರತೆ ನನಗೆ ಅರಿವಾದುದು ನಿವೃತ್ತನಾದ ಮೇಲೆ, ಮಗಳ ಮನೆಗೆಂದು ಅಮೆರಿಕದ ಪಿಟ್ಸ್‌ಬರ್ಗಿಗೆ ಹೋಗಿದ್ದಾಗ. ಅದನ್ನು ತಿದ್ದಿದವನು 1941ರಲ್ಲೇ ಕಾಲವಾಗಿದ್ದ ಜಾನ್ ಮಿಲ್ಲರ್.

ಮಿಲ್ಲರ್ ಹುಟ್ಟಿದುದು 1872ರಲ್ಲಿ, ಇಲಿನಾಯ್ ಸಂಸ್ಥಾನದ ಹೋಮ್‌ವುಡ್ ಎಂಬ ಊರಿನಲ್ಲಿ. ಆತ ಹನ್ನೆರಡು ವರ್ಷದ ಬಾಲಕನಾಗಿದ್ದಾಗ, 1884ರಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಗುರುತ್ವದ ಬಲದಿಂದಲೇ ಓಡುವ ಒಂದು ಮರದ ರೈಲನ್ನು ಕಟ್ಟಿದ. ಸುಮಾರು ಆರುನೂರು ಅಡಿಗಳ ಹಾದಿ. ಗಂಟೆಗೆ ಆರು ಮೈಲಿಯ ವೇಗ. ಐದು ಸೆಂಟು ದರ. ನಮ್ಮೂರಿನ ಎತ್ತಿನಗಾಡಿ ಇಳಿಜಾರಿನಲ್ಲಿ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸೀತು! ಆದರೂ ಜನ ಮುಗಿಬಿದ್ದರು. ಹತ್ತೊಂಬತ್ತರ ಪ್ರಾಯದಲ್ಲಿ ಮಿಲ್ಲರ್ ಈ ಥಾಂಪ್ಸನ್‌ನ ಬಳಿಯೇ ಕೆಲಸಕ್ಕೆ ಸೇರಿದ. ಮುಂದೆ ಐವತ್ತು ವರ್ಷ ಅದೇ ವೃತ್ತಿ.

ಆ ವೃತ್ತಿಗೆ ಅಂದು ಒಳ್ಳೆಯ ಹೆಸರೇನೂ ಇರಲಿಲ್ಲ. 1895ರಲ್ಲಿ ಅದೇ ಕೋನಿ ಐಲೆಂಡಿನಲ್ಲಿ ಲೀನಾ ಬೀಚರ್ ಎಂಬಾತ ಬಂಡಿಯನ್ನು ಪೂರ್ಣ ವೃತ್ತವೊಂದರಲ್ಲಿ ತಲೆಕೆಳಗಾಗಿ ಸುತ್ತಿಸಿದ. ವೃತ್ತ ಕಿರಿದು, ಅದರ ಬುಡವನ್ನು ಹೊಗುವಾಗ ಮೈಭಾರ ಹಲವು ಮಡಿಯಾಗಿ ಸವಾರರ ಕೊರಳಿಗೆ ಪೆಟ್ಟಾಗುತ್ತಿತ್ತು. 1901ರಲ್ಲಿ ಎಡ್ವಿನ್ ಪ್ರೆಸ್ಕಾಟ್ ಆ ವೃತ್ತವನ್ನು ಮೊಟ್ಟೆಯಾಕಾರಕ್ಕೆ ತಿದ್ದಿ ನೋವನ್ನು ತಗ್ಗಿಸಿದನಾದರೂ, ಹತ್ತುವವರಿಗಿಂತ ನಿಂತು ನೋಡುವವರೇ ಹೆಚ್ಚಾಗಿದ್ದರು. ಹೊಸತನ್ನು ಕಂಡರೆ ಚಪ್ಪಾಳೆ ತಟ್ಟುವುದು, ತಾನು ಮಾತ್ರ ಹತ್ತದಿರುವುದು: ಇದು ಎಲ್ಲ ಕಾಲದ ಜನರ ಸ್ವಭಾವ ತಾನೆ?

ಮಿಲ್ಲರ್ ಹಿಡಿದ ದಾರಿ ಬೇರೆ. ಆತನ ಹೆಸರಿನಲ್ಲಿ ನೂರಕ್ಕೂ ಮಿಕ್ಕ ಪೇಟೆಂಟುಗಳಿವೆ. ಅವುಗಳಲ್ಲಿ ಮುಖ್ಯವಾದುವು ಅಪಾಯವನ್ನು ಕುರಿತು ಯೋಚಿಸಿದವನ ಕೃತಿಗಳು. 1910ರ ಒಂದು ಪೇಟೆಂಟನ್ನು ನೋಡಿ. ಸರಪಣಿ ಬಂಡಿಯನ್ನು ಮೊದಲ ದಿಬ್ಬಕ್ಕೆ ಎಳೆಯುತ್ತಿರುವಾಗ ಅದು ತುಂಡಾದರೆ ಗತಿಯೇನು? ಬಂಡಿಯ ಹೊಟ್ಟೆಯಡಿಗೆ ಮಿಲ್ಲರ್ ಒಂದು ಕೊಕ್ಕೆಯನ್ನು ತೂಗಿಬಿಟ್ಟ. ಏರುತ್ತ ಹೋದಂತೆ ಅದು ಹಳಿಯ ನಡುವಣ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುತ್ತದೆ. ಬಂಡಿ ಹಿಂದಕ್ಕೆ ಸರಿದರೆ ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವಾಗ ಕೇಳುವ ಟಕಟಕ ಸದ್ದೇ ಇಲ್ಲಿ ದೊಡ್ಡದಾಗಿ ಕೇಳುತ್ತದೆ. ಸವಾರರ ಎದೆಯನ್ನು ನಡುಗಿಸುವ ಆ ಸದ್ದು ನಿಜವಾಗಿ ಅಭಯದ ಸದ್ದು.

ಎರಡನೆಯದು 1919ರ ಪೇಟೆಂಟು. ಇದನ್ನು ಅರಿಯಲು ಹಳೆಯ ಬಂಡಿಗಳ ಕ್ರಮವನ್ನು ಅರಿಯಬೇಕು. ಮರದ ಕಾಲುವೆಯಂಥ ಹಾದಿಯಲ್ಲಿ ಅವು ಎರಡು ಪಕ್ಕದ ಹಲಗೆಗಳಿಗೆ ಉಜ್ಜಿಕೊಂಡು ಓಡುತ್ತಿದ್ದುವು. ಮೇಲಕ್ಕೆ ಹಾರದಂತೆ ಅವನ್ನು ಹಿಡಿಯುವುದೇನೂ ಇರಲಿಲ್ಲ. ಆದ್ದರಿಂದ ದಿಬ್ಬಗಳು ತಗ್ಗಾಗಿ, ದುಂಡಗೆ ಇರಬೇಕಾಗಿತ್ತು. ಪೆನ್ಸಿಲ್ವೇನಿಯದ ಅಲ್ಟೂನಾದಲ್ಲಿ 1902ರಲ್ಲಿ ಕಟ್ಟಿದ ಅಂಥದೊಂದು, ನಲವತ್ತೊಂದು ಅಡಿ ಎತ್ತರದ್ದು, ದುರಸ್ತಿಯಾಗಿ 1999ರಲ್ಲಿ ಮತ್ತೆ ಓಡಿತು. ನನ್ನ ಉತ್ತರ ಆ ಬಂಡಿಗೆ ಸಲ್ಲುತ್ತದೆ. ಮಿಲ್ಲರನ ಬಂಡಿಗೆ ಸಲ್ಲದು. ಆತ ಹಲಗೆಗಳನ್ನು ಪದರಪದರವಾಗಿ ಪೇರಿಸಿ ಮೇಲೆ ಉಕ್ಕಿನ ಪಟ್ಟಿಯನ್ನು ಹಾಸಿದ ಹಳಿಯ ಮೇಲೆ ಒಂದು ಚಕ್ರವನ್ನು ಓಡಿಸಿ, ಹಳಿಯ ಚಾಚಿದ ಅಂಚಿನ ಅಡಿಗೆ ಇನ್ನೊಂದು ಚಕ್ರವನ್ನು ಸೇರಿಸಿದ. ಭಾರ ಕೈಬಿಟ್ಟಾಗ ಈ ಅಡಿಯ ಚಕ್ರ ಹಿಡಿಯುತ್ತದೆ. ಬಂಡಿ ಹಳಿಯನ್ನು ಬಿಡಲಾರದೆಂದು ಒಮ್ಮೆ ನಿಶ್ಚಯವಾದ ಮೇಲೆ ದಿಬ್ಬವನ್ನು ಎಷ್ಟು ಕಡಿದಾಗಿ ಕಟ್ಟಿದರೇನು?

ಮರುವರ್ಷವೇ ಪಿಟ್ಸ್‌ಬರ್ಗಿನ ಹತ್ತಿರದ ಕೆನ್ನಿವುಡ್ ಉದ್ಯಾನದಲ್ಲಿ ಮಿಲ್ಲರ್ ಜ್ಯಾಕ್ ರ್‍ಯಾಬಿಟ್ ಎಂಬುದನ್ನು ಕಟ್ಟಿದ. ನೆಲದ ಕಂದರವನ್ನೇ ಇಳಿಜಾರಿಗೆ ಬಳಸಿಕೊಂಡುದರಿಂದ ಮರದ ಗೋಪುರ ಎತ್ತರವಾಗಬೇಕಾಗಲಿಲ್ಲ. ಅದರ ಎಪ್ಪತ್ತು ಅಡಿಗಳ ಇಳಿತ ಒಂದೇ ಅಲ್ಲ. ನಡುವೆ ಒಮ್ಮೆ ತಡೆದು ಮತ್ತೆ ಧುಮುಕುವ ಜೋಡಿ ಇಳಿತ. ಮಗಳ ಬಲವಂತಕ್ಕೆ ನಾನೂ ಹತ್ತಿದೆ. ಕೆಳಗೆ ನಿಂತಿದ್ದಾಗ ತೊಲೆಗಳು ಬಳುಕಿ ಕಿರುಗುಟ್ಟುತ್ತಿದ್ದುದನ್ನು ಕಂಡು ನನ್ನ ಅಪನಂಬಿಕೆ ಗಟ್ಟಿಯಾಗಿತ್ತು. ಮರ ಬಳುಕಿ ಆಘಾತವನ್ನು ನುಂಗುವುದರಿಂದಲೇ ಉಳಿಯುತ್ತದೆಂದು ಪುಸ್ತಕದಿಂದ ಬಲ್ಲವನಿಗೂ ಹಾಗೆಯೇ. ಎರಡನೆಯ ಧುಮುಕಿನಲ್ಲಿ ನಾನು ಪೀಠವನ್ನು ಬಿಟ್ಟು ಮೇಲೆದ್ದೆ. ಬಂಡಿ ಏಳಲಿಲ್ಲ. ಬಂಡಿಗೂ ನನಗೂ ನಡುವೆ ಮೂಡಿದ ಆ ನಾಲ್ಕು ಬೆರಳಿನ ಅಂತರವೇ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಇಪ್ಪತ್ತರ ದಶಕ ಮಿಲ್ಲರನ ದಶಕ. ಹ್ಯಾರಿ ಬೇಕರ್ ಎಂಬವನೊಡನೆ 1920ರಿಂದ 1923ರ ವರೆಗೆ ಪಾಲುದಾರನಾಗಿದ್ದು, ಆಮೇಲೆ ತನ್ನದೇ ಸಂಸ್ಥೆಯನ್ನು ನಡೆಸಿದ. ಒಂದೇ ಉದ್ದನೆಯ ಹಳಿಯನ್ನು ಮಡಿಸಿ, ಎಡಗಡೆಯಿಂದ ಹೊರಟ ಬಂಡಿ ಬಲಗಡೆಗೆ ಬಂದು ಸೇರುವಂತೆ ಹೂಡಿದ ಕೆನ್ನಿವುಡ್‌ನ ರೇಸರ್ 1927ರದು. ಅದರ ನಕ್ಷೆಯನ್ನು ಜಾಣತನದ ಲೆಕ್ಕವೆಂದು ತರಗತಿಯಲ್ಲಿ ಕೊಡಬಹುದು.

ಅಡಿಯ ಚಕ್ರ ಕೊಟ್ಟ ಸ್ವಾತಂತ್ರ್ಯವನ್ನು ಎಲ್ಲರೂ ಮಿಲ್ಲರನಂತೆ ಬಳಸಲಿಲ್ಲ. ಅದೇ 1927ರಲ್ಲಿ ಕೆನಡದ ಕ್ರಿಸ್ಟಲ್ ಬೀಚಿನಲ್ಲಿ ಹ್ಯಾರಿ ಟ್ರೇವರ್ ಕಟ್ಟಿದ ಸೈಕ್ಲೋನ್ ಎಷ್ಟು ಕ್ರೂರವಾಗಿ ತಿರುಚಿಕೊಂಡಿತ್ತೆಂದರೆ, ನಿಲ್ದಾಣದಲ್ಲಿ ದಾದಿಯೊಬ್ಬಳನ್ನು ನಿಲ್ಲಿಸಬೇಕಾಯಿತು. 1946ರಲ್ಲಿ ಅದು ನಿಂತುಹೋಯಿತು. ಈ ವ್ಯಾಜ್ಯ ಇನ್ನೂ ಮುಗಿದಿಲ್ಲ. 2000ದಲ್ಲಿ ಓಹಾಯೊದಲ್ಲಿ ಮರದ ಹಾದಿಗೆ ಉಕ್ಕಿನ ಸುತ್ತೊಂದನ್ನು ಸೇರಿಸಿ ಸನ್ ಆಫ್ ಬೀಸ್ಟ್ ಕಟ್ಟಿದರು. 2006ರ ಅಪಘಾತದಲ್ಲಿ ಸವಾರರು ಗಾಯಗೊಂಡ ಮೇಲೆ ಆ ಸುತ್ತನ್ನು ಕಳಚಿದರು. 2013ರಲ್ಲಿ ಮಿಸೌರಿಯ ಔಟ್‌ಲಾ ರನ್ ಮರದ ತೊಲೆಗಳ ಮೇಲೆಯೇ ಮೂರು ಸಲ ತಲೆಕೆಳಗಾಯಿತು. ಅದರ ಹಲಗೆಗಳ ಮೇಲಣ ದಪ್ಪ ಉಕ್ಕನ್ನು ನೋಡಿ, ಇದನ್ನು ಮರದ್ದೆನ್ನಬಹುದೇ ಎಂದು ಹಳಬರು ಹುಬ್ಬೇರಿಸಿದರು. ಹಾಗೆ ನೋಡಿದರೆ ಮಿಲ್ಲರನ ಹಳಿಯ ಮೇಲೂ ಉಕ್ಕಿತ್ತು. ನನ್ನ ಮಟ್ಟಿಗೆ, ತಲೆಕೆಳಗಾಗಿಸುವ ಸಾಹಸಕ್ಕಿಂತ ಆ ಜೋಡಿ ಇಳಿತದ ತುಂಟತನ ಮೇಲು.

1929ರ ಆರ್ಥಿಕ ಕುಸಿತದೊಡನೆ ಉದ್ಯಾನಗಳು ಒಂದೊಂದಾಗಿ ಬಾಗಿಲಿಕ್ಕಿದುವು. ಮಿಲ್ಲರನ ಕಟ್ಟಡಗಳಲ್ಲಿ ಬಹುಪಾಲು ಮಳೆಗೆ ಕೊಳೆತವು, ಬೆಂಕಿಗೆ ಸಿಕ್ಕಿದುವು, ಸೌದೆಯಾದುವು. ಆದರೂ ಆತ ಕೆಲಸವನ್ನು ಬಿಡಲಿಲ್ಲ. 1941ರಲ್ಲಿ, ಅರವತ್ತೆಂಟರ ಆಸುಪಾಸಿನಲ್ಲಿ, ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಇನ್ನೊಂದು ರೋಲರ್ ಕೋಸ್ಟರಿನ ಕಾರ್ಯದಲ್ಲಿದ್ದಾಗಲೇ ತೀರಿಕೊಂಡ.

ಊರಿಗೆ ಮರಳಿದ ಮೇಲೆ ಆ ಹುಡುಗನ ವಿಳಾಸವನ್ನು ಹುಡುಕಿಸಿದೆ. ಈಗ ಆತನಿಗೂ ತಲೆ ನರೆತಿದೆಯಂತೆ. ಹಳಿಯ ಅಡ್ಡಸೀಳಿನ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು, ಮೇಲಿನ ಚಕ್ರವನ್ನೂ ಅಡಿಯ ಚಕ್ರವನ್ನೂ ಗುರುತಿಸಿ, ಕಳೆದ ವಾರ ಅಂಚೆಗೆ ಹಾಕಿದ್ದೇನೆ.