ರಾಜಗೃಹ: ಗ್ರಂಥಗಳಿಗಾಗಿ ಕಟ್ಟಿದ ಮನೆ

ಅಂಬರನಾಥ, ಕಲ್ಯಾಣ, ಡೊಂಬಿವಲಿಗಳಿಂದ ಮುಂಬಯಿಗೆ ದುಡಿಯಹೋಗುವ ಕನ್ನಡಿಗರು ನಿತ್ಯವೂ ದಾದರ್ ನಿಲ್ದಾಣವನ್ನು ಹಾದುಹೋಗುತ್ತಾರೆ. ಆ ನಿಲ್ದಾಣದ ಪೂರ್ವಕ್ಕೆ, ಹಿಂದೂ ಕಾಲೋನಿಯಲ್ಲಿ, ಡಾ. ಬಾಬಾಸಾಹೇಬ ಅಂಬೇಡ್ಕರರು ಕಟ್ಟಿಸಿದ ‘ರಾಜಗೃಹ’ವಿದೆ. ರಾಜಕಾರಣಿಗಳ ಮಹಲುಗಳು ಸಾಮಾನ್ಯವಾಗಿ ಅತಿಥಿಗಳಿಗಾಗಿ, ದರ್ಬಾರಿಗಾಗಿ ಕಟ್ಟಿದವು. ಇದು ಮುಖ್ಯವಾಗಿ ಪುಸ್ತಕಗಳಿಗಾಗಿ ಕಟ್ಟಿದ ಮನೆ. ಇದರ ಅರ್ಥ ತಿಳಿಯಬೇಕಾದರೆ ಇದನ್ನು ಕಟ್ಟಿಸಿದವರು ಅದಕ್ಕೆ ಮೊದಲು ಎಲ್ಲೆಲ್ಲಿ ವಾಸಿಸಿದ್ದರು ಎಂಬುದನ್ನು ನೋಡಬೇಕು.

ಅಂಬೇಡ್ಕರರು 1891ರ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಳರು ಸೈನ್ಯದಲ್ಲಿ ಸುಬೇದಾರರು. ನಿವೃತ್ತಿಯ ತರುವಾಯ ಕುಟುಂಬವು ಸಾತಾರೆಗೆ, ಅಲ್ಲಿಂದ ಮುಂಬಯಿಯ ಪರೇಲಿಗೆ ಬಂದಿತು. ಚಾಳಿನ ಒಂದೇ ಕೋಣೆಯಲ್ಲಿ ಅಡಿಗೆ, ನಿದ್ರೆ, ಓದು ಎಲ್ಲವೂ ನಡೆಯಬೇಕಾಗಿತ್ತು. ಮಗ ಓದಲೆಂದು ತಂದೆಯೇ ನಡುರಾತ್ರಿಯ ನಂತರ ಅವನನ್ನು ಎಬ್ಬಿಸುತ್ತಿದ್ದರು. ಅವನು ಬೇಡಿದ ಪುಸ್ತಕ ಕೊಳ್ಳಲು ವಿವಾಹಿತ ಪುತ್ರಿಯರಿಂದ ಸಾಲ ತರುತ್ತಿದ್ದರು. ಗ್ರಂಥಸಂಗ್ರಹದ ಹಂಬಲ ಮೊಳೆತದ್ದು ಈ ಇಕ್ಕಟ್ಟಿನಲ್ಲಿಯೇ.

ಬರೋಡಾ ಮಹಾರಾಜರ ನೆರವಿನಿಂದ 1913ರಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ, 1916ರಲ್ಲಿ ಲಂಡನ್ನಿಗೆ ತೆರಳಿದರು. 1917ರಲ್ಲಿ ಮರಳುವಾಗ, ಬೇರೆ ಹಡಗಿನಲ್ಲಿ ಕಳುಹಿಸಿದ್ದ ಅವರ ಸಾಮಾನು ಮಹಾಯುದ್ಧದ ನೌಕಾದಾಳಿಯಲ್ಲಿ ಸಮುದ್ರದ ಪಾಲಾಯಿತು. ಅದರಲ್ಲಿ ಪುಸ್ತಕಗಳೂ ಇದ್ದವು. ಅದೇ ವರ್ಷ ಬರೋಡಾದಲ್ಲಿ ಉದ್ಯೋಗಕ್ಕೆ ಸೇರಿದಾಗ ಇಳಿದುಕೊಳ್ಳಲು ಸ್ಥಳ ದೊರೆಯದೆ ಪಾರಸಿಗಳ ವಸತಿಗೃಹವೊಂದರಲ್ಲಿ ಪಾರಸಿ ಹೆಸರಿನಿಂದ ಉಳಿದರು. ಜಾತಿ ಬಯಲಾದಾಗ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ವಿದೇಶದಲ್ಲಿ ಉನ್ನತ ವಿದ್ಯೆ ಪಡೆದು ಬಂದ ವ್ಯಕ್ತಿ ಉದ್ಯಾನದಲ್ಲಿ ಕುಳಿತು ಕಣ್ಣೀರು ಸುರಿಸಿ, ಕಡೆಗೆ ಮುಂಬಯಿಗೆ ಹಿಂದಿರುಗಬೇಕಾಯಿತು. ರಾಜಗೃಹದ ಅಡಿಗಲ್ಲು ನಿಜವಾಗಿ ಬಿದ್ದದ್ದು ಆ ಸಂಜೆಯೇ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಮುಂದೆ ಪರೇಲಿನ ಬಿ.ಐ.ಟಿ. ಚಾಳಿನ ಎರಡು ಕೋಣೆಗಳೇ ಬಹುಕಾಲ ಅವರ ನೆಲೆ. ಸಿಡನಹ್ಯಾಂ ಕಾಲೇಜಿನ ಅಧ್ಯಾಪಕ ವೃತ್ತಿ, 1923ರಲ್ಲಿ ಲಂಡನ್ನಿನ ಡಿ.ಎಸ್‌ಸಿ., ಬ್ಯಾರಿಸ್ಟರ್ ಪದವಿ, 1927ರ ಮಹಾಡ್ ಕೆರೆಯ ಸತ್ಯಾಗ್ರಹ ಇವೆಲ್ಲ ಆ ಚಾಳಿನ ಕಾಲದವು. ಕನ್ನಡ ನಾಡಿನೊಡನೆ ಅವರ ಸಂಬಂಧ ಬೆಳೆದದ್ದೂ ಆಗಲೇ: 1925ರಲ್ಲಿ ನಿಪ್ಪಾಣಿಯ ಪರಿಷತ್ತು, 1929ರಲ್ಲಿ ಧಾರವಾಡದ ದಲಿತ ವಿದ್ಯಾರ್ಥಿನಿಲಯ. ತಮ್ಮ ಮನೆಗೆ ಮುನ್ನ ಅವರು ಹುಡುಗರಿಗೊಂದು ಮನೆ ಮಾಡಿಕೊಟ್ಟರೆಂಬುದನ್ನು ನಮ್ಮ ಸಂಶೋಧಕರು ಸಾಕಷ್ಟು ಗಮನಿಸಿಲ್ಲ.

ದುಂಡುಮೇಜಿನ ಪರಿಷತ್ತುಗಳು, 1932ರ ಪುಣೆ ಒಪ್ಪಂದ ಮೊದಲಾದ ಮಹತ್ವದ ಘಟನೆಗಳ ನಡುವೆಯೇ ರಾಜಗೃಹವು ಮೇಲೆದ್ದಿತು. ಬುದ್ಧನ ಕಾಲದ ಮಗಧ ರಾಜಧಾನಿಯ ಹೆಸರನ್ನೇ ಮನೆಗೆ ಇಡಲಾಯಿತು. ಬೌದ್ಧಧರ್ಮ ಸ್ವೀಕಾರಕ್ಕೆ ಎರಡು ದಶಕಗಳಿಗೂ ಹಿಂದಿನ ಮಾತಿದು. ಕೆಳಗೆ ಕುಟುಂಬದ ವಾಸ; ಮೇಲೆ ಗ್ರಂಥಾಲಯ ಮತ್ತು ಕಚೇರಿ. ಕಾಲಕ್ರಮದಲ್ಲಿ ಅಲ್ಲಿದ್ದ ಗ್ರಂಥಗಳ ಸಂಖ್ಯೆ 50,000 ಮುಟ್ಟಿತೆಂದು ಹೇಳಲಾಗುತ್ತದೆ.

ಈ ಮನೆಯ ಸುಖವನ್ನು ಉಣ್ಣಬೇಕಾಗಿದ್ದವರು ರಮಾಬಾಯಿ. ಪತಿಯ ವಿದೇಶವಾಸದ ವರ್ಷಗಳಲ್ಲಿ ಬಡತನವನ್ನು ಒಬ್ಬರೇ ಹೊತ್ತವರು, ಐವರು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡವರು. 1935ರ ಮೇ 27ರಂದು, ಹೊಸಮನೆಗೆ ಬಂದು ಹೆಚ್ಚು ಕಾಲವಾಗುವ ಮೊದಲೇ, ರಾಜಗೃಹದಲ್ಲಿ ಅವರು ತೀರಿಕೊಂಡರು. ಅಂಬೇಡ್ಕರರು ಬಹುದಿನ ಯಾರೊಡನೆಯೂ ಬೆರೆಯಲಿಲ್ಲ. ಐದು ವರ್ಷಗಳ ಅನಂತರ ಪಾಕಿಸ್ತಾನದ ಪ್ರಶ್ನೆಯನ್ನು ಕುರಿತ ಗ್ರಂಥವನ್ನು ಆಕೆಯ ನೆನಪಿಗೆ ಅರ್ಪಿಸಿದರು. ರಾಜಕೀಯ ಗ್ರಂಥಕ್ಕೆ ಅಂತಹ ಅರ್ಪಣೆ ಅಪರೂಪವೇ ಸರಿ.

1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷದ ಸ್ಥಾಪನೆ, ಜಾತಿವಿನಾಶವನ್ನು ಕುರಿತ ಪ್ರಸಿದ್ಧ ಪ್ರಬಂಧ ಈ ಮನೆಯ ಕಾಲದವು. 1942ರಲ್ಲಿ ವೈಸರಾಯರ ಕಾರ್ಯಾಂಗ ಸಭೆಗೆ ನೇಮಕವಾದಂದಿನಿಂದ ಅವರ ನೆಲೆ ದೆಹಲಿಯಾಯಿತು. ಸಂವಿಧಾನ ರಚನೆ, ಕಾನೂನು ಮಂತ್ರಿತ್ವ, 1951ರ ರಾಜೀನಾಮೆ ಸರ್ವವಿದಿತ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದರು; ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ತಂದು ರಾಜಗೃಹದಲ್ಲಿರಿಸಲಾಯಿತು. ಮರುದಿನ ಅಲ್ಲಿಂದಲೇ ಲಕ್ಷಾಂತರ ಜನರ ಮೆರವಣಿಗೆ ದಾದರ್ ಕಡಲತೀರಕ್ಕೆ ಸಾಗಿತು.

ಇಂದು ಕಟ್ಟಡದ ಒಂದು ಭಾಗ ವಸ್ತುಸಂಗ್ರಹಾಲಯ. ಅವರು ಬಳಸಿದ ವಸ್ತುಗಳು, ಛಾಯಾಚಿತ್ರಗಳು ಅಲ್ಲಿವೆ. 2020ರ ಜುಲೈ 7ರಂದು ದುಷ್ಕರ್ಮಿಗಳು ಆವರಣಕ್ಕೆ ನುಗ್ಗಿ ಕಿಟಕಿಯ ಗಾಜು, ಹೂಕುಂಡಗಳನ್ನು ಒಡೆದರು. ವಾಸಸ್ಥಳ ದೊರೆಯದೆ ಅಲೆದವರ ಮನೆಯ ಮೇಲೆ ನೂರು ವರ್ಷಗಳ ಬಳಿಕವೂ ಕಲ್ಲು ಬೀಳುವುದು ಲಜ್ಜೆಯ ಸಂಗತಿ.

ಆ ಮನೆಯಲ್ಲಿ ಕೂಡಿಸಿದ್ದ ಗ್ರಂಥರಾಶಿಯನ್ನೇ ಅರಸಿ ಬರುವ ವಿದ್ಯಾರ್ಥಿಗೆ ಮಾತ್ರ ಕೊಂಚ ನಿರಾಶೆಯಾದೀತು. ಅದರ ಬಹುಭಾಗವನ್ನು ಅಂಬೇಡ್ಕರರೇ, ಪೀಪಲ್ಸ್ ಎಜುಕೇಶನ್ ಸೊಸೈಟಿಯ ಮೂಲಕ 1946ರಲ್ಲಿ ತಾವು ತೆರೆದ ಸಿದ್ಧಾರ್ಥ ಕಾಲೇಜಿಗೆ ಕೊಟ್ಟಿದ್ದರು. ಅದನ್ನು ಕಾಣಬೇಕಾದವರು ದಾದರಿನಿಂದ ಮತ್ತೆ ಗಾಡಿ ಹಿಡಿದು ಫೋರ್ಟಿಗೆ ಹೋಗಬೇಕು.