ಕಿಟ್ಟೆಲ್ ಮತ್ತು ಕನ್ನಡದ ವಿಧ್ಯರ್ಥ

ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಅವರ ಹೆಸರು ಕನ್ನಡಿಗರಲ್ಲಿ ನಿಘಂಟಿನೊಡನೆ ಬೆಸೆದುಕೊಂಡಿದೆ. ಅವರ ವ್ಯಾಕರಣ ಕೃತಿಗೆ ಅಷ್ಟು ಗಮನ ದೊರೆತಿಲ್ಲ. ಕ್ರಿಯಾಪದದ ಒಂದು ರೂಪವನ್ನು, ಅಂದರೆ ವಿಧ್ಯರ್ಥವನ್ನು, ಮುಂದಿಟ್ಟುಕೊಂಡು ಅವರ ಬದುಕನ್ನು ನೋಡಿದರೆ ಆ ಕೃತಿಯ ಮಹತ್ವ ತಿಳಿಯುತ್ತದೆ.

1832ರಲ್ಲಿ ಜರ್ಮನಿಯ ಪೂರ್ವ ಫ್ರೀಸಿಯಾದಲ್ಲಿ ಜನಿಸಿದ ಕಿಟ್ಟೆಲ್ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದರು. ಆರಂಭದ ವರ್ಷಗಳನ್ನು ಧಾರವಾಡ, ಹುಬ್ಬಳ್ಳಿಗಳಲ್ಲಿ ಕಳೆದರು. ಉಪದೇಶವೆಂದರೆ ವಿಧಿ, ಪ್ರಾರ್ಥನೆಯೆಂದರೆ ಹಾರೈಕೆ. ಪಾದ್ರಿಯ ಕಾಯಕಕ್ಕೆ ಎರಡೂ ಬೇಕು. ಧಾರವಾಡದ ಕಡೆ ಕಿರಿಯರಿಗೆ ‘ಬಾ’ ಎನ್ನುವವರು ಹಿರಿಯರಿಗೆ ‘ಬರ್ರಿ’ ಎನ್ನುತ್ತಾರೆ. ಇಲ್ಲಿ ಪ್ರತ್ಯಯ ತಪ್ಪಿದರೆ ಮರ್ಯಾದೆಯೇ ತಪ್ಪುತ್ತದೆ.

ಪ್ರಥಮ ಪುರುಷದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ‘ಅವನು ಬರಲಿ’ ಎಂಬುದು ಸಂದರ್ಭಾನುಸಾರ ಆಜ್ಞೆಯೂ ಅನುಮತಿಯೂ ಹಾರೈಕೆಯೂ ಆಗಬಲ್ಲದು. ಯುರೋಪಿನ ಭಾಷೆಗಳಿಗೂ ಇದು ಅಪರಿಚಿತವಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಗೌರವದ ಆಜ್ಞೆಗೂ ನಿಷೇಧಕ್ಕೂ ಹಾರೈಕೆ, ಸಂದೇಹಗಳನ್ನು ಸೂಚಿಸುವ ಕ್ರಿಯಾರೂಪವೇ ಒದಗುತ್ತದೆ. ಕಿಟ್ಟೆಲ್ ಅವರ ತಾಯ್ನುಡಿ ಜರ್ಮನ್‌ನಲ್ಲಿಯೂ ಪ್ರಥಮ ಪುರುಷದ ಹಾರೈಕೆಗೆ ಅಂಥದೇ ರೂಪವುಂಟು. ಕನ್ನಡ ಮಾತ್ರ ಈ ಅರ್ಥಗಳನ್ನು ಬೇರೆ ರೀತಿಯಲ್ಲಿ ವಿಂಗಡಿಸುತ್ತದೆ. ಹಾರೈಕೆಯು ಆಜ್ಞೆಯೊಡನೆ ವಿಧ್ಯರ್ಥದಲ್ಲಿ ಸೇರಿದರೆ, ಸಂದೇಹಕ್ಕೆ ‘ಬಂದಾನು’ ಎಂಬ ಪ್ರತ್ಯೇಕ ಸಂಭಾವನಾರ್ಥಕವಿದೆ. ನಿಷೇಧಕ್ಕೆ ‘ಬರಬೇಡ’ ಎಂದು ‘ಬೇಡ’ ನೆರವಾಗುತ್ತದೆ. ಆದ್ದರಿಂದ ಪಾಶ್ಚಾತ್ಯ ವ್ಯಾಕರಣದ ಚೌಕಟ್ಟನ್ನು ಕನ್ನಡಕ್ಕೆ ಹಾಗೆಯೇ ಹೊದಿಸಲು ಬರುವುದಿಲ್ಲ.

ಕಿಟ್ಟೆಲ್ ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನನ್ನೇ ಗುರುವಾಗಿ ಸ್ವೀಕರಿಸಿದರು. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಸಂಪಾದಿಸಿ ಪ್ರಕಟಿಸಿದರು. ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರು ಜರ್ಮನಿಗೆ ಮರಳಿದ್ದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ವೃದ್ಧಾಪ್ಯದಲ್ಲಿ, ಕನ್ನಡ ನಾಡಿನಿಂದ ದೂರವಿದ್ದೂ, ಅವರು ಬರೆದ ವ್ಯಾಕರಣವು 1903ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಇಂಗ್ಲಿಷಿನಲ್ಲಿರುವ ಈ ಗ್ರಂಥವು ಕೇಶಿರಾಜನನ್ನು ಆಧರಿಸಿ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಜೊತೆಯಾಗಿ ಪರಿಶೀಲಿಸುತ್ತದೆ. ವಿಧ್ಯರ್ಥದ ಅಧ್ಯಯನಕ್ಕೆ ಈ ಕ್ರಮ ಅತ್ಯಗತ್ಯ. ಹಳಗನ್ನಡದ ‘ಮಾಡುಗೆ’, ‘ಅಕ್ಕೆ’ಗಳ ಸ್ಥಾನಕ್ಕೆ ‘ಮಾಡಲಿ’, ‘ಆಗಲಿ’ಗಳು ಬಂದಿವೆ. ಪ್ರತ್ಯಯ ಬದಲಾದರೂ ಆಜ್ಞೆ ಮತ್ತು ಹಾರೈಕೆಗಳ ನಂಟು ಕಡಿದಿಲ್ಲ. ಒಂದು ಅವಸ್ಥೆಯನ್ನು ಮಾತ್ರ ನೋಡುವವರಿಗೆ ಈ ಸಾತತ್ಯ ಗೋಚರಿಸದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಕಿಟ್ಟೆಲ್ ಟ್ಯೂಬಿಂಗೆನ್‌ನಲ್ಲಿ ನಿಧನರಾದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೋಧಿಸಲೆಂದು ಬಂದವರು ಕನ್ನಡದ ಪ್ರಾಚೀನ ವೈಯಾಕರಣನಿಗೆ ಶಿಷ್ಯರಾದರು. ಅವರ ವ್ಯಾಕರಣದ ಬಲವೂ ಆ ಶಿಷ್ಯತ್ವದಲ್ಲಿಯೇ ಇದೆ.