ಕಾವೇರಿಯ ಕರೆಂಟನ್ನು ನಾಡಿನ ಕೈಯಲ್ಲೇ ಉಳಿಸಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಹೇಳಿದಾಗ ನಾವು ಮೊದಲು ಹಿಂಜರಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವರು ನಾವು, ಲೇಖಕರಲ್ಲ. ಆದರೂ ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ. ಹಿಂದಿನ ಸರ್ವಸದಸ್ಯರ ಸಭೆಯಲ್ಲಿ ಹಾಲು ತಣ್ಣಗೆ ಇಡುವ ಬಿ.ಎಂ.ಸಿ. ಟ್ಯಾಂಕಿನ ಕರೆಂಟ್ ಬಿಲ್ಲಿನ ಮಾತು ಬಂತು. ಮಾತಿಗೆ ಮಾತು ಬೆಳೆದು, ಕರೆಂಟು ಕೊಡುವವನು ನಮ್ಮವನಾದರೇನು, ಪರದೇಶದವನಾದರೇನು, ಗುಂಡಿ ಒತ್ತಿದರೆ ದೀಪ ಹತ್ತಿದರೆ ಸಾಕು ಎಂದು ನಮ್ಮ ಹುಡುಗರು ಕೆಲವರು ವಾದ ಮಾಡಿದರು. ಅವತ್ತು ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸಿದಾಗ ನೆನಪಾದವರು ದಿವಾನ್ ಶೇಷಾದ್ರಿ ಅಯ್ಯರ್ ಅವರು. ನಮ್ಮ ಸೀಮೆಯವರು ಬ್ಲಫ್ ಅಂತ ಕರೆಯುವ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಕಾರಣಕರ್ತರು ಅವರೇ.

ತಮಾಷೆ ಏನೆಂದರೆ, ಶೇಷಾದ್ರಿ ಅಯ್ಯರ್ ಅವರೇ ಮೈಸೂರಿಗೆ ಹೊರಗಿನವರು. ಅವರು ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲ್ಘಾಟ್ ಹತ್ತಿರ. ಕಲ್ಲಿಕೋಟೆಯಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1868ರಲ್ಲಿ ಬಿ.ಎ. ಪಾಸು ಮಾಡಿದರು. ಆಗ ಮೈಸೂರಿನಲ್ಲಿ ಅಧಿಕಾರಿಯಾಗಿದ್ದ ರಂಗಾಚಾರ್ಲು ಅವರ ಕಣ್ಣಿಗೆ ಬಿದ್ದು ಅದೇ ವರ್ಷ ಇಲ್ಲಿಯ ನೌಕರಿಗೆ ಸೇರಿದರು. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1881ರಲ್ಲಿ ರಾಜ್ಯವು ತಿರುಗಿ ಮಹಾರಾಜರ ಕೈಗೆ ಬಂತು. ಮೊದಲ ದಿವಾನರಾದ ರಂಗಾಚಾರ್ಲು ಅವರು 1883ರ ಆರಂಭದಲ್ಲಿ ತೀರಿಕೊಂಡಾಗ ಶೇಷಾದ್ರಿ ಅಯ್ಯರ್ ಅವರು ದಿವಾನರಾದರು. ಆಗ ಅವರಿಗೆ ವಯಸ್ಸು 37. ಅಲ್ಲಿಂದ 1901ರವರೆಗೆ, ಹದಿನೆಂಟು ವರ್ಷ ಆ ಪದವಿಯಲ್ಲಿದ್ದರು. ಮೈಸೂರಿನ ದಿವಾನರಲ್ಲಿ ಅಷ್ಟು ದೀರ್ಘಕಾಲ ಇದ್ದವರು ವಿರಳ.

ಅವರು ಕುರ್ಚಿಯಲ್ಲಿ ಕೂತ ಕಾಲ ಸುಖದ ಕಾಲವಲ್ಲ. 1876ರಿಂದ 78ರವರೆಗಿನ ಭೀಕರ ಬರಗಾಲ ರಾಜ್ಯವನ್ನು ಹಿಂಡಿ ಹಾಕಿತ್ತು. ಸಾಲ ತಲೆಯ ಮೇಲಿತ್ತು. ಅಂಥ ಸ್ಥಿತಿಯಲ್ಲಿ ಅವರು ರೈಲುದಾರಿ ಬೆಳೆಸಿದರು, ಕೆರೆಗಳ ಕಡೆ ಗಮನ ಕೊಟ್ಟರು, ಬೆಂಗಳೂರಿಗೆ ಹೆಸರಘಟ್ಟದಿಂದ ಕುಡಿಯುವ ನೀರು ತರಿಸಿದರು. ಹಿರಿಯೂರು ಹತ್ತಿರದ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದದ್ದು 1898ರಲ್ಲಿ, ಅವರ ಕಾಲದಲ್ಲೇ. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ ಯುವರಾಜರು ಇನ್ನೂ ಬಾಲಕರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯ ನಡೆಸಿದರು. ಅವರ ಕೆಳಗೆ ಆಡಳಿತದ ಭಾರ ಹೊತ್ತವರು ಶೇಷಾದ್ರಿ ಅಯ್ಯರ್.

ಈಗ ಕರೆಂಟಿನ ಸಂಗತಿಗೆ ಬರೋಣ. ಆ ಕಾಲದಲ್ಲಿ ನಮ್ಮ ದೇಶದ ದೊಡ್ಡ ಊರುಗಳಿಗೆ ಕರೆಂಟು ಹೇಗೆ ಬಂತು ಅನ್ನುವುದಕ್ಕೆ ಕಲ್ಕತ್ತೆಯೇ ಉದಾಹರಣೆ. ಅಲ್ಲಿ ಕರೆಂಟು ಹಂಚುವ ಕಂಪನಿ 1897ರಲ್ಲಿ ನೋಂದಣಿಯಾದದ್ದು ಲಂಡನ್ನಿನಲ್ಲಿ. 1899ರಲ್ಲಿ ಕಲ್ಕತ್ತೆಗೆ ಕರೆಂಟು ಕೊಡಲು ಶುರು ಮಾಡಿತು. ದೀಪ ಉರಿಯುವುದು ಕಲ್ಕತ್ತೆಯ ಮನೆಯಲ್ಲಿ, ಕಾಸು ಕಟ್ಟುವವರು ಕಲ್ಕತ್ತೆಯವರು. ಆದರೆ ದರ ಎಷ್ಟು, ಲಾಭ ಯಾರಿಗೆ, ತಂತಿ ಯಾವ ಬೀದಿಗೆ ಮೊದಲು ಅನ್ನುವುದನ್ನು ತೀರ್ಮಾನ ಮಾಡುವ ಯಜಮಾನರು ಸಮುದ್ರದ ಆಚೆ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ದಾಟಿದ ಮೇಲೆ, 1970ರಲ್ಲಿ ಆ ಕಂಪನಿಯ ಆಡಳಿತ ಲಂಡನ್ನಿನಿಂದ ಕಲ್ಕತ್ತೆಗೆ ಬಂತು.

ಶಿವನಸಮುದ್ರಕ್ಕೂ ಅದೇ ಗತಿ ಬರಬಹುದಿತ್ತು. ಕಾವೇರಿ ಅಲ್ಲಿ ಗಗನಚುಕ್ಕಿ, ಭರಚುಕ್ಕಿಯಾಗಿ ಬೀಳುವುದನ್ನು ನೋಡಿ, ಅದರ ಶಕ್ತಿಯನ್ನು ನಾವು ಬಳಸಿಕೊಳ್ಳುತ್ತೇವೆಂದು 1890ರ ದಶಕದಲ್ಲಿ ಹೊರಗಿನ ಖಾಸಗಿಯವರು ಮುಂದೆ ಬಂದರು. ಬೀಳುವ ನೀರಿನಿಂದ ದುಡ್ಡು ಹುಟ್ಟುತ್ತದೆ ಅನ್ನುವುದು ನಮ್ಮ ಜನಕ್ಕೆ ಆಗ ನಂಬಲಾಗದ ಮಾತು. ಅಂಥ ಸಮಯದಲ್ಲಿ ವರ್ಷಕ್ಕಿಷ್ಟು ಅಂತ ಗುತ್ತಿಗೆ ಹಣ ತೆಗೆದುಕೊಂಡು ಬರೆದುಕೊಟ್ಟಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಕೊನೆಗೆ ಆದದ್ದೇ ಬೇರೆ. ಸರ್ಕಾರವೇ ಬಂಡವಾಳ ಹಾಕಿ, ಸರ್ಕಾರವೇ ಕಟ್ಟುವುದೆಂದು ತೀರ್ಮಾನವಾಯಿತು.

ಹಾಗಂತ ಶೇಷಾದ್ರಿ ಅಯ್ಯರ್ ಅವರು ಪರದೇಶದ್ದೆಲ್ಲ ಬೇಡ ಎಂದವರಲ್ಲ. ಯೋಜನೆ ರೂಪಿಸಿದ ಜೋಲಿ ಡಿ ಲಾಟ್‌ಬಿನಿಯೇರ್ ಅವರು ಕೆನಡಾದಲ್ಲಿ ಹುಟ್ಟಿದ ಬ್ರಿಟಿಷ್ ಸೈನ್ಯದ ಇಂಜಿನಿಯರು. ಅವರನ್ನು ಯೂರೋಪು, ಅಮೆರಿಕಾಗಳಿಗೆ ಕಳಿಸಿ ಎಲ್ಲವನ್ನೂ ನೋಡಿಕೊಂಡು ಬರುವಂತೆ ಮಾಡಲಾಯಿತು. ನೀರಿನಿಂದ ತಿರುಗುವ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯವು. ವಿದ್ಯುತ್ ಯಂತ್ರಗಳು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಮೊದಲ ಗಿರಾಕಿಗಳೂ ವಿದೇಶದವರೇ. ಕೋಲಾರದ ಚಿನ್ನದ ಗಣಿಗಳು ಲಂಡನ್ನಿನ ಕಂಪನಿಗಳ ಕೈಯಲ್ಲಿದ್ದವು. ಯಂತ್ರ ಅವರದು, ವಿದ್ಯೆ ಅವರದು, ಗಿರಾಕಿ ಅವರು. ಆದರೆ ನೀರು, ಮನೆ, ತಂತಿ, ಕರೆಂಟು ಮಾತ್ರ ಮೈಸೂರಿನ ಸ್ವತ್ತು. ಮಾರುವವರು ನಾವು, ಕೊಳ್ಳುವವರು ಅವರು. ಟ್ರ್ಯಾಕ್ಟರನ್ನು ಯಾವ ದೇಶದಲ್ಲಾದರೂ ಮಾಡಿರಲಿ, ಹೊಲದ ಪಹಣಿ ನಮ್ಮ ಹೆಸರಿನಲ್ಲಿರಬೇಕು ಅನ್ನುವುದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿವಾನರು ಇದೇ ಲೆಕ್ಕ ಹಿಡಿದು ನಡೆದರು.

ಕೆಲಸ ಸುಲಭದ್ದಲ್ಲ. ನದಿಯ ಆಚೆ ದಡದ ಕೊಳ್ಳೇಗಾಲ ಸೀಮೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಆದ್ದರಿಂದ ಅವರ ಒಪ್ಪಿಗೆಯೂ ಬೇಕಾಗಿತ್ತು. ಯಂತ್ರಗಳು ಹಡಗಿನಲ್ಲಿ ಬಂದು, ಮದ್ದೂರಿನವರೆಗೆ ರೈಲಿನಲ್ಲಿ ಸಾಗಿ, ಅಲ್ಲಿಂದ ಎತ್ತಿನ ಗಾಡಿ ಮತ್ತು ಆನೆಗಳ ಬಲದಿಂದ ಕಾವೇರಿ ದಡ ಮುಟ್ಟಿದವು. ಅಲ್ಲಿಂದ ಕೋಲಾರದ ಗಣಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. 35,000 ವೋಲ್ಟಿನಲ್ಲಿ ಕರೆಂಟು ಹರಿಯಬೇಕು. ಅಷ್ಟು ಉದ್ದದ ತಂತಿದಾರಿ ಆಗ ಪ್ರಪಂಚದ ಅತಿ ಉದ್ದದವುಗಳಲ್ಲಿ ಒಂದಾಗಿತ್ತು.

1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಚಿನ್ನದ ಗಣಿಗೆ ತಲುಪಿತು. ಆದರೆ ಆ ದಿನ ನೋಡಲು ಶೇಷಾದ್ರಿ ಅಯ್ಯರ್ ಅವರು ಇರಲಿಲ್ಲ. ಆರೋಗ್ಯ ಕೆಟ್ಟು 1901ರಲ್ಲಿ ದಿವಾನಗಿರಿ ಬಿಟ್ಟ ಅವರು ಅದೇ ವರ್ಷದ ಸೆಪ್ಟೆಂಬರ್ 13ರಂದು ತೀರಿಕೊಂಡರು. ಇನ್ನು ಹತ್ತು ತಿಂಗಳು ಬದುಕಿದ್ದರೆ ತಾವು ನೆಟ್ಟ ಗಿಡದ ಹೂವನ್ನು ನೋಡುತ್ತಿದ್ದರು. ಇದನ್ನು ಬರೆಯುವಾಗ ನಮಗೆ ಸಂಘದ ಕಟ್ಟಡಕ್ಕೆ ಜಾಗ ಬಿಟ್ಟುಕೊಟ್ಟು, ಉದ್ಘಾಟನೆಗೆ ಮುಂಚೆಯೇ ಕಣ್ಣು ಮುಚ್ಚಿದ ಹಿರಿಯರು ನೆನಪಾಗುತ್ತಾರೆ.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಗಣಿಯವರು ಕಟ್ಟಿದ ಹಣದಿಂದ ಬಂಡವಾಳ ಕೆಲವೇ ವರ್ಷಗಳಲ್ಲಿ ವಾಪಸು ಬಂತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು. 1908ರಲ್ಲಿ ಮೈಸೂರಿಗೂ ಬಂತು. ಬೇಸಿಗೆಯಲ್ಲಿ ನದಿ ಬತ್ತಿದಾಗಲೂ ಶಿವನಸಮುದ್ರಕ್ಕೆ ನೀರು ಸಿಗಬೇಕೆಂಬುದು ಕನ್ನಂಬಾಡಿ ಕಟ್ಟೆ ಕಟ್ಟಲು ಇದ್ದ ಕಾರಣಗಳಲ್ಲಿ ಒಂದು. ಆ ಕಟ್ಟೆಯಿಂದಲೇ ನಮ್ಮ ಮಂಡ್ಯ ಜಿಲ್ಲೆಗೆ ವಿಶ್ವೇಶ್ವರಯ್ಯ ನಾಲೆ ಹರಿಯಿತು, ಕಬ್ಬು ಭತ್ತ ಬೆಳೆಯಿತು. ಕರೆಂಟಿನ ಲಾಭ ಲಂಡನ್ನಿಗೆ ಹೋಗುವಂತಿದ್ದರೆ, ಆ ಕಂಪನಿಯವರಿಗೆ ನಮ್ಮ ಗದ್ದೆಯ ಚಿಂತೆ ಯಾಕೆ ಇರುತ್ತಿತ್ತು?

ದೊಡ್ಡವರ ಬಗ್ಗೆ ಬರೆಯುವಾಗ ಒಳ್ಳೆಯದನ್ನು ಮಾತ್ರ ಬರೆದರೆ ಅದು ಹೊಗಳುಭಟ್ಟತನವಾಗುತ್ತದೆ. ಹೊರಗಿನಿಂದ ಬಂದ ಮದರಾಸಿನವರಿಗೆ ದೊಡ್ಡ ಹುದ್ದೆಗಳು ಹೋಗುತ್ತಿವೆ ಎಂದು ಮೈಸೂರಿನ ಜನ ಅವರ ಮೇಲೆ ಬೇಸರಪಟ್ಟದ್ದುಂಟು. ಕಾವೇರಿ ನೀರಿನ ಬಗ್ಗೆ 1892ರಲ್ಲಿ ಮದರಾಸಿನೊಂದಿಗೆ ಒಪ್ಪಂದವಾದದ್ದೂ ಅವರ ಕಾಲದಲ್ಲೇ, ಅದು ನಮ್ಮ ಕೈ ಕಟ್ಟಿಹಾಕಿತು. ಇನ್ನು ಕರೆಂಟು ಮೊದಲು ಹೋದದ್ದು ಗಣಿಗೆ, ಆಮೇಲೆ ಪಟ್ಟಣಕ್ಕೆ. ಬ್ಲಫ್‌ಗೆ ಇಷ್ಟು ಹತ್ತಿರವಿರುವ ನಮ್ಮೂರಿನಲ್ಲಿ ನಮ್ಮಜ್ಜಿ ಮದುವೆಯಾಗಿ ಬಂದಾಗಲೂ ಸೀಮೆಎಣ್ಣೆ ಬುಡ್ಡಿಯೇ ಗತಿ. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆ ನಮ್ಮ ಪಾಲಿಗೆ ನಿಜವಾಗಿತ್ತು.

ಆದ್ದರಿಂದ ಸ್ವದೇಶಿ ಯಜಮಾನಿಕೆ ಇದ್ದ ಮಾತ್ರಕ್ಕೆ ಮನೆಮನೆಗೆ ದೀಪ ಬರುವುದಿಲ್ಲ, ಕೇಳುವವರೂ ಇರಬೇಕು. ಇದಕ್ಕೆ ಶೇಷಾದ್ರಿ ಅಯ್ಯರ್ ಅವರ ಕಾಲದ ಇನ್ನೊಂದು ಪಾಠವಿದೆ. 1894ರಲ್ಲಿ ರೈತರಿಗಾಗಿ ಕೃಷಿ ಬ್ಯಾಂಕುಗಳು ಶುರುವಾದವು. ದುಡ್ಡು ಸರ್ಕಾರದ್ದು, ಸದಸ್ಯರ ಬೆವರು ಅದರಲ್ಲಿರಲಿಲ್ಲ. ಅವು ನಿಲ್ಲಲಿಲ್ಲ. 1905ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದು, ಸದಸ್ಯರೇ ಷೇರು ಹಾಕಿದ ಮೇಲೆ ಸಂಘಗಳು ಬೇರು ಬಿಟ್ಟವು. ಕರೆಂಟಿನಲ್ಲೂ ಇದು ಸಾಧ್ಯ ಎಂದು ಬೆಳಗಾವಿ ಜಿಲ್ಲೆಯ ಹುಕ್ಕೇರಿಯವರು ತೋರಿಸಿದ್ದಾರೆ. ಅಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ಕರೆಂಟು ಬಳಸುವವರೇ ಅದರ ಸದಸ್ಯರು.

ನಮ್ಮ ರಾಜ್ಯದಲ್ಲಿ 1999ರಲ್ಲಿ ಕೆ.ಇ.ಬಿ. ಹೋಗಿ, 2002ರಿಂದ ವಿಭಾಗಕ್ಕೊಂದು ಕಂಪನಿ ಆದವು. ಹೆಸರು ಕಂಪನಿ, ಷೇರು ರಾಜ್ಯ ಸರ್ಕಾರದ್ದು. ಇದನ್ನು ಖಾಸಗಿಗೆ ಕೊಡಬೇಕೆಂಬ ಮಾತು ಆಗಾಗ ಏಳುತ್ತದೆ. ಒಂದು ಕಾಲಕ್ಕೆ ಕಲ್ಕತ್ತೆಯ ಕರೆಂಟಿಗೆ ಯಜಮಾನನಾಗಿದ್ದ ಲಂಡನ್ನಿನ ಕಥೆಯನ್ನೇ ನೋಡಿ. ಅಲ್ಲಿಯ ಮನೆಗಳಿಗೆ ಕರೆಂಟು ಕೊಡುವ ಕಂಪನಿ ಖಾಸಗಿಯಾದ ಮೇಲೆ ಅಮೆರಿಕಾದವರ ಕೈ ಸೇರಿ, 1998ರಲ್ಲಿ ಫ್ರಾನ್ಸ್ ಸರ್ಕಾರದ ಕಂಪನಿಗೆ ಮಾರಾಟವಾಯಿತು. ಮಾರಿದ್ದು ಯಾವತ್ತೂ ಕೊಂಡವನ ಮಾತೇ ಕೇಳುತ್ತದೆ.

ಹಿಂದೊಮ್ಮೆ ಸಿಡಿಲು ಬಡಿದು ಟಿ.ಸಿ. ಸುಟ್ಟು, ಒಂದು ಹೊತ್ತಿನ ಹಾಲು ಕೆಟ್ಟದ್ದು ಸದಸ್ಯರಿಗೆ ನೆನಪಿರಬಹುದು. ಅವತ್ತು ನಾವು ಹತ್ತು ಜನ ಬೈಕಿನಲ್ಲಿ ಹೋಗಿ ಕಚೇರಿಯ ಮುಂದೆ ಕೂತೆವು. ಕೂಗಾಡಿದೆವು, ಕನ್ನಡದಲ್ಲೇ ಉತ್ತರ ಸಿಕ್ಕಿತು, ಮಾರನೇ ದಿನ ಬೇರೆ ಟಿ.ಸಿ. ಬಂತು. ಕೇಳಲು ಒಂದು ಬಾಗಿಲು ಇತ್ತು, ಆ ಬಾಗಿಲಿಗೆ ಬೈಕಿನಲ್ಲಿ ಹೋಗಬಹುದಿತ್ತು. ನಮ್ಮ ಹುಡುಗರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ಯಜಮಾನ ಎಲ್ಲಿ ಹುಟ್ಟಿದ ಅನ್ನುವುದು ಮುಖ್ಯವಲ್ಲ, ಪಾಲ್ಘಾಟಿನಲ್ಲಿ ಹುಟ್ಟಿದವರೇ ಮೈಸೂರಿನ ಸ್ವತ್ತು ಕಾದರು. ಅವನು ಯಾರಿಗೆ ಲೆಕ್ಕ ಒಪ್ಪಿಸುತ್ತಾನೆ ಅನ್ನುವುದು ಮುಖ್ಯ.

ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯನ್ನು ಒಮ್ಮೆ ನೋಡಿ ಬನ್ನಿ. ಹಾಗೆಯೇ ಸಂಘದ ಸಭೆಗೆ ತಪ್ಪದೆ ಬನ್ನಿ, ಲೆಕ್ಕ ಕೇಳಿ. ಕೇಳುವ ಸದಸ್ಯರು ಇರುವವರೆಗೆ ಮಾತ್ರ ಸಂಘ ನಮ್ಮದು, ಕರೆಂಟೂ ನಮ್ಮದು.